ಭೂಕಂಪದ ಸ್ಥಳನಿರ್ಣಯ: ತಪ್ಪು ಗಡಿಯಾರದ್ದೋ, ಶಿಲೆಯದೋ?

ಪ್ರಶ್ನೆ:
ಒಂದೇ ಭೂಕಂಪದ ಅಧಿಕೇಂದ್ರವನ್ನು (ಕಂಪನದ ಮೂಲಕ್ಕೆ ನೇರ ಮೇಲಿರುವ ನೆಲದ ಬಿಂದುವನ್ನು) ಎರಡು ಸಂಸ್ಥೆಗಳು ಹತ್ತು ಕಿಲೋಮೀಟರ್ ಅಂತರದಲ್ಲಿ ತೋರಿಸುವುದುಂಟು. ಆದರೆ ಎರಡೂ ಕಡೆ ನಮೂದಿಸಿರುವ ದೋಷಮಿತಿ ಎರಡು ಮೂರು ಕಿಲೋಮೀಟರ್ ಮಾತ್ರ. ಭೂಕಂಪ ಮಾಪಕಗಳ ಗಡಿಯಾರಗಳು ಉಪಗ್ರಹದ ಸಮಯಕ್ಕೆ ಹೊಂದಿಕೊಂಡಿರುವಾಗ ಇಷ್ಟೊಂದು ವ್ಯತ್ಯಾಸ ಕೇವಲ ಶಿಲೆಗಳಿಂದ ಬರಬಲ್ಲದೇ?

ಉತ್ತರ 1:
ಖಂಡಿತ ಬರಬಲ್ಲದು. ಅಳೆಯುವುದು ಸಮಯವನ್ನು, ಅದನ್ನು ದೂರವಾಗಿ ಪರಿವರ್ತಿಸಲು ಬೇಕಾದ ವೇಗವನ್ನು ನಾವು ಊಹಿಸಿಕೊಂಡಿರುತ್ತೇವೆ. ಗಟ್ಟಿ ಗ್ರಾನೈಟಿನಲ್ಲಿ ಪಿ ತರಂಗ (ಎಲ್ಲಕ್ಕಿಂತ ಮೊದಲು ತಲುಪುವ ಕಂಪನ ತರಂಗ) ಸೆಕೆಂಡಿಗೆ ಸುಮಾರು 6 ಕಿ.ಮೀ. ಸಾಗಿದರೆ, ಸಡಿಲವಾದ ಮೆಕ್ಕಲು ಪದರದಲ್ಲಿ 2 ಕಿ.ಮೀ. ಅಥವಾ ಅದಕ್ಕೂ ಕಡಿಮೆ. ಮಾಪಕದ ಕೆಳಗೆ 2 ಕಿ.ಮೀ. ದಪ್ಪದ ಮೆಕ್ಕಲು ಇದ್ದು, ಲೆಕ್ಕದಲ್ಲಿ ಗ್ರಾನೈಟ್ ಎಂದು ಭಾವಿಸಿದ್ದರೆ, ತರಂಗ ಮೂರನೇ ಎರಡು ಸೆಕೆಂಡ್ ತಡವಾಗಿ ತಲುಪುತ್ತದೆ. ಆ ಒಂದು ಕೇಂದ್ರದ ಮಟ್ಟಿಗೆ ಭೂಕಂಪ 4 ಕಿ.ಮೀ. ದೂರ ಸರಿದಂತೆ ಕಾಣುತ್ತದೆ.

ಪಿ ಮತ್ತು ಅದರ ಹಿಂದೆ ನಿಧಾನವಾಗಿ ಬರುವ ಎಸ್ ತರಂಗಗಳ ಆಗಮನದ ನಡುವಿನ ಸಮಯದ ಅಂತರದಿಂದ ದೂರ ಕಂಡುಹಿಡಿಯುವಾಗ ಇದು ಇನ್ನೂ ಸೂಕ್ಷ್ಮ. ಪಿ ವೇಗ 6 ಇದ್ದು, ಎರಡು ವೇಗಗಳ ಅನುಪಾತ 1.73 ಎಂದು ಹಿಡಿದರೆ, 10 ಸೆಕೆಂಡ್ ಅಂತರಕ್ಕೆ 82 ಕಿ.ಮೀ. ಬರುತ್ತದೆ, ಬಿರುಕುಗಳಲ್ಲಿ ನೀರು ತುಂಬಿದ ಶಿಲೆಯಲ್ಲಿ ಅನುಪಾತ 1.85ಕ್ಕೆ ಏರಿದ್ದರೆ ನಿಜವಾದ ದೂರ 71 ಕಿ.ಮೀ. ಮಾತ್ರ.

ಉತ್ತರ 2:
ದೋಷಮಿತಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಆ ಅಂಕಿ ಸಾಮಾನ್ಯವಾಗಿ ತರಂಗಗಳ ಆಗಮನಕಾಲದ ಚದುರುವಿಕೆಯನ್ನು ಅಳೆಯುತ್ತದೆಯೇ ಹೊರತು, ವೇಗದ ಮಾದರಿಯೇ (ಶಿಲೆಗಳಲ್ಲಿ ತರಂಗ ಎಷ್ಟು ವೇಗವಾಗಿ ಸಾಗುತ್ತದೆಂಬ ಊಹೆಯೇ) ತಪ್ಪಾಗಿರುವ ಸಾಧ್ಯತೆಯನ್ನಲ್ಲ. ಇದಕ್ಕೆ ಒಳ್ಳೆಯ ನಿದರ್ಶನವೆಂದರೆ 1965ರ ಅಕ್ಟೋಬರ್ 29ರಂದು ಅಲಾಸ್ಕದ ಅಮ್ಚಿಟ್ಕಾ ದ್ವೀಪದಲ್ಲಿ ಅಮೆರಿಕ ನಡೆಸಿದ 'ಲಾಂಗ್ ಶಾಟ್' ಭೂಗತ ಅಣುಸ್ಫೋಟ. ಅದರ ಸ್ಥಳ ಮೊದಲೇ ಗೊತ್ತಿದ್ದರೂ, ದೂರದ ಮಾಪಕಗಳ ದತ್ತಾಂಶದಿಂದ ಲೆಕ್ಕ ಹಾಕಿದಾಗ ಅದು 20 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಬಂದಿತು. ದ್ವೀಪಸಾಲಿನ ಅಡಿಗೆ ಜಾರಿರುವ ತಣ್ಣನೆಯ ಪೆಸಿಫಿಕ್ ಭೂಫಲಕದ ಮೂಲಕ ಸಾಗಿದ ತರಂಗಗಳು ನಿರೀಕ್ಷೆಗಿಂತ ಬೇಗ ತಲುಪಿದ್ದವು. ಮಾಪಕಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಇಂಥ ತಪ್ಪು ಅಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಅನೇಕ ಭೂಕಂಪಗಳ ಆಳ ಸರಿಯಾಗಿ 10 ಕಿ.ಮೀ. ಎಂದೇ ಇರುವುದೇಕೆ?

ಉತ್ತರ 1:
ಅದು ಅಳತೆಯಲ್ಲ, ಆಳ ನಿರ್ಧಾರವಾಗದಿದ್ದಾಗ ಇಟ್ಟುಕೊಳ್ಳುವ ರೂಢಿಯ ಸಂಖ್ಯೆ. ಕಂಪನ ಆರಂಭವಾದ ಕ್ಷಣವನ್ನು ಸ್ವಲ್ಪ ತಡವಾಗಿ ಇಟ್ಟು, ಭೂಕಂಪದ ಮೂಲವನ್ನು ಸ್ವಲ್ಪ ಆಳಕ್ಕೆ ಇಳಿಸಿದರೂ ದೂರದ ಮಾಪಕಗಳ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ. ಭೂಕಂಪದ ಆಳದಷ್ಟೇ ಸಮೀಪದಲ್ಲಿ ಒಂದಾದರೂ ಮಾಪಕವಿದ್ದರೆ ಈ ಗೊಂದಲ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.