ಫೆಸ್ ಹಳೆಯ ಊರು: ಮಂಡಿನೋವಿನ ಅಮ್ಮನ ಜೊತೆ ಎರಡು ದಿನ, ಏನು ನೋಡುವುದು, ಏನು ಕೊಳ್ಳುವುದು?

ಪ್ರಶ್ನೆ: ಏಪ್ರಿಲ್‌ನಲ್ಲಿ ಅಮ್ಮನ ಜೊತೆ ಮೊರಾಕ್ಕೊಗೆ ಹೊರಟಿದ್ದೇವೆ. ಫೆಸ್‌ನಲ್ಲಿ ಗುರುವಾರ, ಶುಕ್ರವಾರ ಇರುತ್ತೇವೆ. ಚರ್ಮ ಹದ ಮಾಡುವ ಜಾಗ, ತಾಮ್ರದವರ ಬೀದಿ, ಬಣ್ಣದ ಹೆಂಚಿನ ಚೂರು ಜೋಡಿಸುವ ಕೆಲಸ ನೋಡುವ ಆಸೆ. ಅಮ್ಮನಿಗೆ ಮೆಟ್ಟಿಲು ಕಷ್ಟ. ನಾವು ಸಸ್ಯಾಹಾರಿಗಳು. ಬಲ್ಲವರು ತಿಳಿಸಿ.

ಉತ್ತರ 1
ಮೊದಲು ದಿನ ಬದಲಿಸಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಕ್ಕಾಲುಪಾಲು ಅಂಗಡಿ, ಕಾರ್ಯಾಗಾರ ಮುಚ್ಚುತ್ತವೆ. ಹಲವರು ಅವತ್ತು ಬಾಗಿಲೇ ತೆಗೆಯುವುದಿಲ್ಲ. ಬುಧವಾರ, ಗುರುವಾರ ಮಾಡಿಕೊಂಡರೆ ಕೈಕೆಲಸ ನಡೆಯುತ್ತಿರುವಾಗಲೇ ನೋಡಬಹುದು.

ಊರು ಬಟ್ಟಲಿನ ಹಾಗಿದೆ: ಪಶ್ಚಿಮದ ಬಾಬ್ ಬೂ ಜೆಲೂದ್ ಹೆಬ್ಬಾಗಿಲು ಎತ್ತರದಲ್ಲಿ, ಕರವೀಯಿನ್ ಮಸೀದಿಯ ಸುತ್ತಲಿನ ಭಾಗ ತಗ್ಗಿನಲ್ಲಿ. ಹಾಗಾಗಿ ಮೇಲಿನಿಂದ ಹೊಕ್ಕು ತಲಾ ಕಬೀರಾ ಓಣಿ ಹಿಡಿದು ಇಳಿಯುತ್ತಾ ಹೋಗಿ, ರ್ಸೀಫ್ ಚೌಕದ ಕಡೆ ಹೊರಬಿದ್ದು ಅಲ್ಲೇ ಕೆಂಪು ಟ್ಯಾಕ್ಸಿ ಹತ್ತಿ. ಬಂದ ದಾರಿಯಲ್ಲೇ ವಾಪಸ್ ಹತ್ತಿಸಿದರೆ ಅಮ್ಮನ ಮಂಡಿ ಮುಗಿಯಿತು. ಟ್ಯಾಕ್ಸಿಯಲ್ಲಿ ಕೂರುವಾಗಲೇ ಮೀಟರ್ ಹಾಕಿಸಿ.

1913ರ ಆ ಹೆಬ್ಬಾಗಿಲಿಗೆ ಹೊರಮುಖದಲ್ಲಿ ನೀಲಿ ಹೆಂಚು, ಊರೊಳಗಿನ ಮುಖದಲ್ಲಿ ಹಸಿರು. ಇಕ್ಕಟ್ಟು ಓಣಿಗಳಲ್ಲಿ ಮೊಬೈಲ್ ನಕ್ಷೆಯ ಚುಕ್ಕೆ ಪಕ್ಕದ ಓಣಿಗೆ ಹಾರುತ್ತಿರುತ್ತದೆ. ದಾರಿ ತಪ್ಪಿದರೆ ಇಳಿಜಾರು ಹಿಡಿಯಿರಿ, ತಗ್ಗಿನ ಭಾಗ ತಲುಪುತ್ತೀರಿ. "ಮುಂದೆ ದಾರಿ ಮುಚ್ಚಿದೆ, ನನ್ನ ಜೊತೆ ಬನ್ನಿ" ಅನ್ನುವ ಹುಡುಗರಿಗೆ ನಕ್ಕು ಬೇಡ ಅಂದು ಮುಂದೆ ಹೋಗಿ. "ಬಾಲಕ್!" (ದಾರಿ ಬಿಡಿ) ಎಂದು ಕೂಗಿದರೆ ಮಾತ್ರ ತಕ್ಷಣ ಗೋಡೆಗೆ ಒತ್ತಿ ನಿಲ್ಲಿ, ಹಿಂದೆ ಹೇರು ಹೊತ್ತ ಕತ್ತೆ ಬರುತ್ತಿರುತ್ತದೆ.

ಉತ್ತರ 2
ಚರ್ಮದ ವಿಷಯ. ಚರ್ಮ ಹದ ಮಾಡುವ ಜಾಗವಾದ ಶುವಾರಾದ ತೊಟ್ಟಿಗಳು ಕಾಣಬೇಕಾದರೆ ಸುತ್ತಲಿನ ಚರ್ಮದಂಗಡಿಗಳ ತಾರಸಿ ಹತ್ತಬೇಕು. ಕಡಿದಾದ ಮೆಟ್ಟಿಲು, ಎರಡು ಮೂರು ಮಹಡಿ. ಅಮ್ಮನವರನ್ನು ಕೆಳಗೆ ಕೂರಿಸಿ ನೀವೊಬ್ಬರೇ ಹೋಗಿಬನ್ನಿ. ಏನೂ ಕೊಳ್ಳದಿದ್ದರೆ 10–20 ದಿರ್ಹಾಮ್ (ಅಲ್ಲಿನ ಹಣ) ಕೈಗಿಡುವುದು ರೂಢಿ. ಬೆಳಗ್ಗೆಯೇ ಹೋಗಿ, ಬಿಸಿಲೇರಿದಂತೆ ವಾಸನೆಯೂ ಏರುತ್ತದೆ.

ಬಿಳಿ ತೊಟ್ಟಿಗಳಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ. ಸುಣ್ಣದಿಂದ ಕೂದಲು ಸಡಿಲವಾಗಿ ಉದುರುತ್ತದೆ, ಹಿಕ್ಕೆಯಿಂದ ತೊಗಲು ಮೆತ್ತಗಾಗುತ್ತದೆ. ಬಣ್ಣದ ತೊಟ್ಟಿ ಆಮೇಲಿನ ಹಂತ. ಕೊಳ್ಳುವಾಗ ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ ಚರ್ಮದ ಒಳಮೂಲೆಗೆ ಉಜ್ಜಿ ನೋಡಿ. ಬಣ್ಣ ಗಾಢವಾಗಿ ಹತ್ತಿದರೆ ನಾಳೆ ನಿಮ್ಮ ಬಟ್ಟೆಗೂ ಹತ್ತುತ್ತದೆ. ಪೂಫ್ (ಕೂರುವ ಚರ್ಮದ ದಿಂಬು) ಬೇಕಿದ್ದರೆ ಒಳಗೆ ಏನೂ ತುಂಬದ್ದನ್ನು ಕೊಂಡು ಮಡಚಿ ತನ್ನಿ. ವಾಸನೆ ಹೋಗಲು ನೆರಳಿನಲ್ಲಿ ಗಾಳಿಗೆ ಹರವಿ, ಬಿಸಿಲಿಗಿಟ್ಟರೆ ಬಿರಿಯುತ್ತದೆ.

ಉತ್ತರ 3
ನನ್ನನ್ನು ಕೇಳಿದರೆ ಶುವಾರಾಕ್ಕಿಂತ ಸೆಫ್ಫಾರೀನ್ ಚೌಕ ಮೇಲು. ಕರವೀಯಿನ್ ಗ್ರಂಥಾಲಯದ ಬಾಗಿಲಲ್ಲೇ ತಾಮ್ರ ಬಡಿಯುವವರು ಕೂರುತ್ತಾರೆ, ಕಾಫಿಯಂಗಡಿಯಲ್ಲಿ ಅಮ್ಮನವರೂ ಆರಾಮಾಗಿ ಕೂತು ನೋಡಬಹುದು. ಜೇಬಿನಲ್ಲೊಂದು ಪುಟ್ಟ ಅಯಸ್ಕಾಂತ ಇರಲಿ. ಅಂಟಿದರೆ ಅದು ತಾಮ್ರ ಲೇಪಿಸಿದ ಕಬ್ಬಿಣ. ಅಡುಗೆಗೆ ಪಾತ್ರೆ ಬೇಕಿದ್ದರೆ ಒಳಗೆ ಕಲಾಯಿ ಇದೆಯಾ, ಅಂಚಿನ ತನಕ ಸಮನಾಗಿ ಹತ್ತಿದೆಯಾ ನೋಡಿ. ಕಲಾಯಿ ಇಲ್ಲದ ತಾಮ್ರದಲ್ಲಿ ಸಾರು, ಹುಳಿ ಮಾಡುವ ಹಾಗಿಲ್ಲ.

ಹೆಂಚಿನ ಕೆಲಸಕ್ಕೆ ಗೋಡೆಯ ಹೊರಗಿನ ಐನ್ ನೊಕ್ಬಿಗೆ ಟ್ಯಾಕ್ಸಿಯಲ್ಲೇ ಹೋಗಬಹುದು. ಫೆಸ್‌ನ ಬೂದುಬಣ್ಣದ ಜೇಡಿಯಲ್ಲಿ ಸುಮಾರು 10 ಸೆಂ.ಮೀ. ಚೌಕ ಮಾಡಿ, ಒಣಗಿಸಿ, ಸುಟ್ಟು, ಮೆರುಗು ಬಳಿದು ಮತ್ತೆ ಸುಡುತ್ತಾರೆ. ಅದರ ಮೇಲೆ ಆಕಾರ ಗೀಚಿ ಮೆನ್‌ಕಾಶ್ ಎಂಬ ಭಾರದ ಸುತ್ತಿಗೆಯ ಚೂಪು ಅಂಚಿನಿಂದ ಚಕ್ಕೆ ಎಬ್ಬಿಸಿ ಆ ಆಕಾರದ ಚೂರು ಬಿಡಿಸುತ್ತಾರೆ. ಗಮನಿಸಬೇಕಾದ್ದು ಚೂರಿನ ಬೆನ್ನು: ಅಂಚು ಒಳಕ್ಕೆ ಓರೆಯಾಗಿರುತ್ತದೆ. ಮೇಲ್ಮುಖದಲ್ಲಿ ಚೂರುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಹಿಂದೆ ಉಳಿದ ಸಂದಿಗೆ ಗಾರೆ ಇಳಿಯುತ್ತದೆ. ಜೋಡಿಸುವುದು ಬಣ್ಣದ ಮುಖ ಕೆಳಗೆ ಮಾಡಿ, ಅಂದರೆ ಗಾರೆ ಸುರಿದು ಮಗುಚುವ ತನಕ ಚಿತ್ತಾರ ಕುಶಲಕರ್ಮಿಯ ತಲೆಯಲ್ಲೇ ಇರಬೇಕು!

ಇಂಥ ಹೆಂಚಿನ ಮೇಜಿನ ಹಾಸು ನೋಡಿ ಮನಸೋಲುವ ಮುಂಚೆ ತೂಕದ ಲೆಕ್ಕ ಹಾಕಿ. 60 ಸೆಂ.ಮೀ. ಅಗಲದ ದುಂಡು ಹಾಸು, ಮೂರೂವರೆ ಸೆಂ.ಮೀ. ಸಿಮೆಂಟು ದಪ್ಪ ಅಂದರೂ 20 ಕೆ.ಜಿ. ದಾಟುತ್ತದೆ. ಹಡಗಿನಲ್ಲಿ ಕಳಿಸುತ್ತೇವೆ ಅಂದರೆ ಬಂದರಿನ ಖರ್ಚು, ಸುಂಕ ಯಾರದು ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ.

ಉತ್ತರ 4
ಮೇಲಿನದಕ್ಕೆ ಒಂದು ಸೇರ್ಪಡೆ. ಸಾಂಪ್ರದಾಯಿಕ ಮಣ್ಣಿನ ಪಾತ್ರೆಗಳ ಮೆರುಗಿನಲ್ಲಿ ಸೀಸ ಇರಬಹುದು. ಬಣ್ಣದ ತಟ್ಟೆ ಗೋಡೆಗೆ ಚೆಂದ. ಹುಣಸೆ, ನಿಂಬೆ, ಉಪ್ಪಿನಕಾಯಿ ಅದರಲ್ಲಿ ಬೇಡ.

"ಕಳ್ಳಿ ರೇಷ್ಮೆ" ಎಂದು ಮಾರುವ ಸಬ್ರಾ ಬಟ್ಟೆ ಬಹುಪಾಲು ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ಕೃತಕ ನೂಲು). ಒಂದೆಳೆ ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ, ಪುಡಿ ಬೂದಿ ಆದರೆ ವಿಸ್ಕೋಸ್, ಕರಗಿ ಗುಂಡಾದರೆ ಪಾಲಿಯೆಸ್ಟರ್, ಕೂದಲು ಸುಟ್ಟ ವಾಸನೆ ಬಂದರೆ ಮಾತ್ರ ರೇಷ್ಮೆ. ವಿಸ್ಕೋಸ್ ಕೆಟ್ಟದ್ದೇನಲ್ಲ, ರೇಷ್ಮೆಯ ಬೆಲೆ ಕೊಡಬೇಡಿ ಅಷ್ಟೇ.

ಉತ್ತರ 5
ಊಟ: ಬಿಸ್ಸಾರಾ (ಬಾಕ್ಲಾ ಬೇಳೆಯ ಗಟ್ಟಿ ಸಾರು), ಬದನೆಕಾಯಿಯ ಜಾಲೂಕ್, ಟೊಮೆಟೊ–ದೊಣ್ಣೆಮೆಣಸಿನ ತಕ್ತೂಕಾ, ರೊಟ್ಟಿ, ಆಲಿವ್. ಹರೀರಾ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. "ತರಕಾರಿ ಕುಸ್ಕುಸ್" ಅಂದರೂ ಮಾಂಸದ ರಸದ ಹಬೆಯಲ್ಲಿ ಬೆಂದಿರಬಹುದು, ಕೇಳಿಯೇ ತಿನ್ನಿ.

ಮುಸ್ಲಿಮೇತರರಿಗೆ ಕರವೀಯಿನ್ ಮಸೀದಿಯೊಳಗೆ ಪ್ರವೇಶವಿಲ್ಲ, ಬಾಗಿಲಿಂದ ನೋಡಬಹುದು. ಅದಕ್ಕೆ ಬದಲು ಪಕ್ಕದ ಅತ್ತಾರೀನ್ ಮದ್ರಸಾಕ್ಕೆ ಟಿಕೆಟ್ ತೆಗೆಸಿ. ಹೆಂಚು, ಗಾರೆ, ದೇವದಾರು ಮೂರರ ಕೆತ್ತನೆಯೂ ಒಂದೇ ಅಂಗಳದಲ್ಲಿ ಸಿಗುತ್ತದೆ. ರೂಪಾಯಿ ಅಲ್ಲಿ ನಡೆಯುವುದಿಲ್ಲ. ಯೂರೊ ಒಯ್ದು ಅಲ್ಲೇ ಬದಲಿಸಿ, ಉಳಿದ ದಿರ್ಹಾಮ್ ಹಿಂದಿರುಗಿಸಲು ಹಣ ಬದಲಿಸಿದಾಗ ಕೊಟ್ಟ ಚೀಟಿ ಕೇಳುತ್ತಾರೆ, ಎಸೆಯಬೇಡಿ.