ಸ್ವಿಮ್ಮಿಂಗ್ ಪೂಲ್ ಬೇಕು ಅನ್ನುವವರು ಈ ನಾಲ್ಕು ವಾರದಲ್ಲಿ ಕೌನ್ಸಿಲ್‌ಗೆ ನಾಲ್ಕು ಸಾಲು ಬರೆಯಿರಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಕನ್ನಡದವರ ಗುಂಪಿನಲ್ಲಿ ಒಬ್ಬರು ಕೇಳಿದ್ದರು, "ಸಿಡ್ನಿಯ ಈ ಕಡೆಗೆ ಮನೆ ಬದಲಾಯಿಸ್ತಾ ಇದ್ದೀವಿ, ಮಕ್ಕಳನ್ನ ಸ್ವಿಮ್ಮಿಂಗ್‌ಗೆ ಎಲ್ಲಿ ಸೇರಿಸೋದು?" ಅಂತ. ಉತ್ತರಗಳು ಒಂದರ ಹಿಂದೆ ಒಂದು ಬಂದವು. ಎಲ್ಲವೂ ಖಾಸಗಿ ಸ್ವಿಮ್ ಸ್ಕೂಲ್‌ಗಳ ಹೆಸರು. ಎಲ್ಲಿ ವೇಟಿಂಗ್ ಲಿಸ್ಟ್ ಕಡಿಮೆ, ಎಲ್ಲಿ ನೀರು ಬೆಚ್ಚಗಿರುತ್ತದೆ, ಯಾವ ಟೀಚರ್ ಮಕ್ಕಳನ್ನು ಗದರಿಸುವುದಿಲ್ಲ. ನಾನೂ ಒಂದು ಹೆಸರು ಹೇಳಿದೆ. ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು: ಇಷ್ಟೊಂದು ಮನೆಗಳಿರುವ ಹೊಸ ಬಡಾವಣೆಯಲ್ಲಿ ಊರಿನದ್ದೇ ಆದ ಒಂದು ಪೂಲ್ ಯಾಕಿಲ್ಲ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲವಲ್ಲ! ಕೇಳಬೇಕಾದದ್ದು ಕೌನ್ಸಿಲನ್ನು, ಅಂದರೆ ಇಲ್ಲಿಯ ನಗರಸಭೆಯನ್ನು.

ಮೊದಲು ನಮ್ಮ ಮನೆಯ ಕಥೆ ಕೇಳಿ. ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಫೆಬ್ರವರಿಯಲ್ಲಿ ಶಾಲೆಯ ಸ್ವಿಮ್ಮಿಂಗ್ ಕಾರ್ನಿವಲ್. ಅವನದು ಹಳದಿ ಹೌಸ್. ಹಳದಿ ಟೀ ಶರ್ಟ್, ಕೆನ್ನೆಗೆ ಹಳದಿ ಬಣ್ಣದ ಪಟ್ಟೆ, ತಲೆಗೆ ಹಳದಿ ರಿಬ್ಬನ್. ನಾನು ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, 50 ಮೀಟರ್ ಈಜಲು ಬರುವ ಮಕ್ಕಳಿಗೆ ಮಾತ್ರ ರೇಸ್. ಬಾರದವರು ಮೆಟ್ಟಿಲ ಮೇಲೆ ಕೂತು ತಮ್ಮ ಹೌಸಿನ ಹೆಸರು ಕೂಗಬೇಕು. ಮೆಟ್ಟಿಲ ಮೇಲೆ ಯಾರ್ಯಾರಿದ್ದಾರೆ ಅಂತ ನೋಡಿದೆ. ನಮ್ಮವನು, ಪಕ್ಕದಲ್ಲಿ ತೆಲುಗಿನ ಹುಡುಗ, ಆಮೇಲೆ ಪಂಜಾಬಿ ಅಕ್ಕ ತಂಗಿ, ನೇಪಾಳದ ಒಂದು ಹುಡುಗಿ. ವಾಪಸ್ ಬರುವಾಗ ಕಾರಿನಲ್ಲಿ ಮಗ ಹೇಳಿದ, "ಅಮ್ಮಾ, ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಗಂಟಲು ಕಟ್ಟಿಹೋಯ್ತು." ಖುಷಿಯಿಂದಲೇ ಹೇಳಿದ. ನನಗೆ ಮಾತ್ರ ಮಾತು ಹೊರಡಲಿಲ್ಲ.

ಕಲಿಸಿರಲಿಲ್ಲ ಅಂತಲ್ಲ. ಎರಡು ವರ್ಷ ಪ್ರತಿ ಶನಿವಾರ ಕರೆದುಕೊಂಡು ಹೋಗಿದ್ದೆವು. ಅರ್ಧ ಗಂಟೆಗೆ 24 ಡಾಲರ್. ಇಬ್ಬರು ಮಕ್ಕಳಿಗೆ ವಾರಕ್ಕೆ 48. ಶಾಲೆಯ ನಾಲ್ಕು ಟರ್ಮ್ ಸೇರಿ 40 ವಾರ ಅಂದರೆ ವರ್ಷಕ್ಕೆ 1,920 ಡಾಲರ್. ಒಂದು ಲೇನ್‌ಗೆ ನಾಲ್ಕು ಮಕ್ಕಳು. ಒಬ್ಬರು ಈಜುವಾಗ ಮೂವರು ಗೋಡೆ ಹಿಡಿದು ನಡುಗುತ್ತಾ ನಿಲ್ಲುತ್ತಾರೆ. ಅರ್ಧ ಗಂಟೆಯಲ್ಲಿ ಮಗು ನಿಜವಾಗಿ ಈಜುವುದು ಏಳೆಂಟು ನಿಮಿಷ. ಟೈಮ್ ಮುಗಿದ ಕೂಡಲೇ ಎದ್ದು ಬರಬೇಕು, ಮುಂದಿನ ಬ್ಯಾಚ್ ಕಾಯುತ್ತಿರುತ್ತದೆ. ಕಲಿತದ್ದನ್ನು ಸುಮ್ನೆ ಆಡಿಕೊಂಡು ಅಭ್ಯಾಸ ಮಾಡಲು ಜಾಗವೇ ಇಲ್ಲ. ಆ ಪೂಲ್ ಇರುವುದೇ 15 ಮೀಟರ್ ಉದ್ದ. ಅದರಲ್ಲಿ ಕಲಿತವನಿಗೆ 50 ಮೀಟರ್ ಪೂಲ್ ಸಮುದ್ರದ ಹಾಗೆ ಕಂಡಿದ್ದರೆ ತಪ್ಪೇನು? ಸಂಗೀತದ ಕ್ಲಾಸಿಗೆ ಕಳಿಸಿ ಮನೆಯಲ್ಲಿ ಹಾಡಬೇಡ ಅಂದ ಹಾಗಾಯಿತು. ಖಾಸಗಿಯವರನ್ನು ದೂರುತ್ತಿಲ್ಲ, ಪಾಠ ಹೇಳಿಕೊಡುವುದು ಅವರ ಕೆಲಸ. ಮಕ್ಕಳು ನೀರಿನಲ್ಲಿ ಗಂಟೆಗಟ್ಟಲೆ ಬಿದ್ದು ಒದ್ದಾಡಿ ಕಲಿಯಲು ಬೇರೆ ಜಾಗ ಬೇಕು.

ನೀರಿನ ಸಾವು ತಡೆಯಲು ಕೆಲಸ ಮಾಡುವ ರಾಯಲ್ ಲೈಫ್ ಸೇವಿಂಗ್ ಸಂಸ್ಥೆಯ ಲೆಕ್ಕದಲ್ಲಿ 12 ವರ್ಷಕ್ಕೆ ಮಗು ನಿಲ್ಲದೆ 50 ಮೀಟರ್ ಈಜಬೇಕು, ಎರಡು ನಿಮಿಷ ಮುಳುಗದೆ ನೀರಿನಲ್ಲಿ ಇರಬೇಕು. ಸರ್ಕಾರಿ ಶಾಲೆಗಳಲ್ಲಿ ಹತ್ತು ದಿನದ ಈಜು ತರಬೇತಿ ಇದೆ. ಒಳ್ಳೆಯದೇ, ಆದರೆ ಹತ್ತು ದಿನದಲ್ಲಿ ಅಷ್ಟು ಬರುವುದಿಲ್ಲ. 2024-25ರಲ್ಲಿ ಆಸ್ಟ್ರೇಲಿಯಾದಲ್ಲಿ 357 ಜನ ನೀರಿನಲ್ಲಿ ಮುಳುಗಿ ಸತ್ತರು. ಬೇಸಿಗೆ ಬಂದರೆ ನಮ್ಮ ಕಡೆಯ ಹೆಸರೊಂದು ಸುದ್ದಿಯಲ್ಲಿ ಬರುತ್ತದೆ, ನಾವು ಎರಡು ದಿನ ಕೈಮುಗಿಯುವ ಇಮೋಜಿ ಹಾಕುತ್ತೇವೆ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಈಗ ದುಡ್ಡಿಗೆ ಬರೋಣ. ಈ ಮಾತು ಎತ್ತಿದಾಗಲೆಲ್ಲ ಯಾರಾದರೂ "ನಾವೇ ಚಂದಾ ಎತ್ತೋಣ" ಅನ್ನುತ್ತಾರೆ. ಗಣೇಶನ ಪೆಂಡಾಲ್ ಅಭ್ಯಾಸ! ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿಯವರೂ ಹಾಗೆ ಮಾಡಿದ್ದರು. ಸತ್ತ ಸೈನಿಕರ ನೆನಪಿಗೆ ಕಲ್ಲಿನ ಕಂಬ ನಿಲ್ಲಿಸುವ ಬದಲು ಎಷ್ಟೋ ಊರುಗಳಲ್ಲಿ ಲಾಟರಿ ಚೀಟಿ ಮಾರಿ, ಡ್ಯಾನ್ಸ್ ಇಟ್ಟು, ದುಡ್ಡು ಕೂಡಿಸಿ ಪೂಲ್ ಕಟ್ಟಿದರು. ಅದಕ್ಕೇ ಹಳೆಯ ಪೂಲ್‌ಗಳಿಗೆ 'ವಾರ್ ಮೆಮೋರಿಯಲ್' ಅಂತ ಹೆಸರು. ಪಶ್ಚಿಮ ಸಿಡ್ನಿಯ ಪ್ಯಾರಮಟ್ಟಾದಲ್ಲಿ 1959ರಲ್ಲಿ ಶುರುವಾದದ್ದೂ ಮೆಮೋರಿಯಲ್ ಪೂಲೇ. 2017ರಲ್ಲಿ ಸ್ಟೇಡಿಯಂ ಕಟ್ಟಲು ಅದನ್ನು ಮುಚ್ಚಿದರು. ಆಗ ನಾವು ಅದರ ಹತ್ತಿರದ ವೆಂಟ್ವರ್ತ್‌ವಿಲ್‌ನಲ್ಲಿ ಬಾಡಿಗೆಗಿದ್ದೆವು. ಹೊಸ ಪೂಲ್ ಬೇಕು ಅಂತ ಊರಿನವರು ಅರ್ಜಿ, ಸಭೆ ಅಂತ ಬಿಡದೆ ಬೆನ್ನು ಹತ್ತಿದ್ದರು. ಹೊಸದು ಬಾಗಿಲು ತೆಗೆದದ್ದು 2023ರ ಸೆಪ್ಟೆಂಬರ್‌ನಲ್ಲಿ. ಖರ್ಚು 88.6 ಮಿಲಿಯನ್ ಡಾಲರ್, ಕೌನ್ಸಿಲ್ ಮತ್ತು ರಾಜ್ಯ ಸರ್ಕಾರ ಸೇರಿ ಹಾಕಿದ್ದು. ಚಂದಾ ಪುಸ್ತಕಕ್ಕೆ ಸಿಗುವ ಮೊತ್ತ ಅಲ್ಲ ಇದು.

ಹಾಗಾದರೆ ಕೌನ್ಸಿಲ್‌ಗೆ ಎಲ್ಲಿಂದ ಬರಬೇಕು? ನಾವು ಕಟ್ಟುವ ರೇಟ್ಸ್, ಅಂದರೆ ಮನೆ ಕಂದಾಯ, ಒಂದು. ಅದನ್ನು ಮನಸ್ಸಿಗೆ ಬಂದಷ್ಟು ಏರಿಸುವ ಹಾಗಿಲ್ಲ. 1977ರಿಂದ ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ರೇಟ್ಸ್‌ಗೆ ಮಿತಿ ಇದೆ, ಈಗ ಅದನ್ನು ಹೇಳುವುದು ಐಪಾರ್ಟ್ ಅನ್ನುವ ರಾಜ್ಯದ ಸಂಸ್ಥೆ. ಇನ್ನೊಂದು, ಬಡಾವಣೆ ಮಾಡುವ ಬಿಲ್ಡರ್‌ಗಳು ಕೌನ್ಸಿಲ್‌ಗೆ ಕೊಡುವ ವಂತಿಗೆ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದು ಇಲ್ಲೇ ಇದೆ. ಆ ವಂತಿಗೆ ಒಂದು ಮಟ್ಟ ದಾಟಿದರೆ ಅದನ್ನು ಯಾವುದಕ್ಕೆ ಖರ್ಚು ಮಾಡಬಹುದು ಅಂತ ರಾಜ್ಯದ ಪಟ್ಟಿ ಇದೆ. ರಸ್ತೆ, ಚರಂಡಿ, ಪಾರ್ಕಿನ ಜಾಗ ಅದರಲ್ಲಿವೆ. ಲೈಬ್ರರಿ, ಸಮುದಾಯ ಭವನದಂಥವಕ್ಕೆ ಜಾಗ ಕೊಳ್ಳಬಹುದು, ಕಟ್ಟುವ ಹಾಗಿಲ್ಲ. ಸೈಟ್ ಇದೆ, ಮನೆ ಕಟ್ಟಲು ಸಾಲ ಸಿಗಲ್ಲ ಅಂದ ಹಾಗೆ. ನಾಲ್ಕು ವರ್ಷಕ್ಕೆ ಸಾವಿರಾರು ಮನೆ ಏಳುತ್ತವೆ, ಪೂಲ್ ಮಾತ್ರ ಏಳುವುದಿಲ್ಲ. ಉಳಿದ ದಾರಿ ರಾಜ್ಯ ಮತ್ತು ಕೇಂದ್ರದ ಅನುದಾನ. ಪಶ್ಚಿಮ ಸಿಡ್ನಿಗೆ ಅಂತ 5 ಬಿಲಿಯನ್ ಡಾಲರ್‌ನ ವೆಸ್ಟ್‌ಇನ್ವೆಸ್ಟ್ ಅನ್ನುವ ರಾಜ್ಯದ ನಿಧಿ ಬಂದಿತ್ತು, ನೆನಪಿದೆಯಾ? ಅಂಥ ಹಣ ಬಂದಾಗ ಯಾವ ಕೌನ್ಸಿಲ್ ನಕ್ಷೆ, ಲೆಕ್ಕ, ಜನ ಕೇಳಿದ ಪುರಾವೆ ಎಲ್ಲ ಇಟ್ಟುಕೊಂಡು ರೆಡಿ ಇರುತ್ತದೋ ಅದು ಮುಂದೆ ಹೋಗುತ್ತದೆ. ಆ ಪುರಾವೆ ಅಂದರೆ ನಾವು ಬರೆಯುವ ಕಾಗದ.

ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ಕಟ್ಟುವುದು ಒಂದು ಸಲದ ಖರ್ಚು, ನಡೆಸುವುದು ಪ್ರತಿ ವರ್ಷದ್ದು. ನೀರು ಕಾಯಿಸಬೇಕು, ಲೈಫ್‌ಗಾರ್ಡ್‌ಗಳಿಗೆ ಸಂಬಳ ಕೊಡಬೇಕು. ಟಿಕೆಟ್ ದುಡ್ಡಿನಿಂದ ಅದು ಸಾಮಾನ್ಯವಾಗಿ ಹುಟ್ಟುವುದಿಲ್ಲ. ಲೈಬ್ರರಿ ಲಾಭ ಮಾಡುತ್ತದಾ? ಇದೂ ಹಾಗೇ. ಆದರೆ ಅತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಹಾರ್ಬರ್ ಬ್ರಿಡ್ಜ್ ಕೆಳಗಿನ ನಾರ್ತ್ ಸಿಡ್ನಿ ಪೂಲ್ ನೋಡಿ. 1936ರ ಪೂಲ್ ಅದು. ದುರಸ್ತಿಯ ಅಂದಾಜು 64 ಮಿಲಿಯನ್ ಇದ್ದದ್ದು 120 ದಾಟಿತು. ಅಲ್ಲಿಯ ಕೌನ್ಸಿಲ್ ಎರಡು ವರ್ಷದಲ್ಲಿ ರೇಟ್ಸನ್ನು 87 ಪರ್ಸೆಂಟ್ ಏರಿಸಲು ಕೇಳಿತು. ಪೂಲ್ ಒಂದೇ ಕಾರಣ ಅಲ್ಲ, ಆದರೂ ದೊಡ್ಡ ಕಾರಣ. 2025ರಲ್ಲಿ ಐಪಾರ್ಟ್ ಆಗಲ್ಲ ಅಂದಿತು. ಅದಕ್ಕೇ ನಾನು ಹೇಳುವುದು, ನಮಗೆ ಅರಮನೆ ಬೇಡ. 25 ಮೀಟರ್‌ನ ಎಂಟು ಲೇನ್, ಪಕ್ಕದಲ್ಲಿ ಕಲಿಯುವವರಿಗೆ ಬೆಚ್ಚಗಿನ ಚಿಕ್ಕ ಪೂಲ್, ಇಳಿಯಲು ಇಳಿಜಾರು. ಹೋಗಿ ಬಂದರೆ 50 ಮೀಟರ್ ಆಯಿತು, ಅಲ್ವಾ? ಬಣ್ಣ ಬಣ್ಣದ ವಾಟರ್ ಸ್ಲೈಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ನನ್ನ ಮಕ್ಕಳಿಗೆ ಯಾರೂ ಹೇಳಬೇಡಿ.

"ನಮ್ಮ ಹಿತ್ತಲಲ್ಲೇ ಒಂದು ಮಾಡಿಸಿಕೊಂಡರಾಯ್ತು" ಅನ್ನುವವರು ದಯವಿಟ್ಟು ಮಾಡಿಸಿಕೊಳ್ಳಿ. ನೋಂದಣಿ ಮಾಡಿಸಿ, 1.2 ಮೀಟರ್ ಎತ್ತರದ ಬೇಲಿ ಹಾಕಿಸಿ. 350 ಚದರ ಮೀಟರ್ ಸೈಟಿನಲ್ಲಿ ಮನೆ, ಗ್ಯಾರೇಜ್, ಕರಿಬೇವಿನ ಗಿಡ ಎಲ್ಲ ಆದ ಮೇಲೆ ಜಾಗ ಉಳಿದರೆ ನನಗೂ ಒಂದು ಫೋಟೋ ಕಳಿಸಿ.

ನಮ್ಮಲ್ಲಿ ಹಿರಿಯರೊಬ್ಬರು ಫೋನ್ ಮಾಡಿ, "ನಾವು ಹೊರಗಿನಿಂದ ಬಂದವರಮ್ಮ, ಕೌನ್ಸಿಲ್ ಮುಂದೆ ಹೋಗಿ ಅದು ಕೊಡಿ ಇದು ಕೊಡಿ ಅನ್ನೋದು ಚೆನ್ನಾಗಿರುತ್ತಾ?" ಅಂದರು. ಅವರ ಸಂಕೋಚ ನನಗೂ ಗೊತ್ತು. ಅವರಿಗೆ ಇದೇ ರಾಜ್ಯದ ಮೊರೀ ಊರಿನ ಕಥೆ ಹೇಳಿದೆ. ಅಲ್ಲಿಯ ಪೂಲ್‌ಗೆ ಅಬೊರಿಜಿನಲ್ ಮಕ್ಕಳನ್ನು ಬಿಡುತ್ತಿರಲಿಲ್ಲ. 1965ರಲ್ಲಿ ಅಬೊರಿಜಿನಲ್ ವಿದ್ಯಾರ್ಥಿ ಚಾರ್ಲ್ಸ್ ಪರ್ಕಿನ್ಸ್ ಮತ್ತು ಸಿಡ್ನಿ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಬಸ್ಸಿನಲ್ಲಿ ಹೋಗಿ ಗೇಟಿನ ಮುಂದೆ ನಿಂತರು. ಈ ನೆಲದ ಮೂಲದವರೇ ಜಗಳ ಮಾಡಿ ನೀರಿಗೆ ಇಳಿಯಬೇಕಾಯಿತು. ನಾವು ಜಗಳ ಕೂಡ ಮಾಡಬೇಕಾಗಿಲ್ಲ, ಒಂದು ಇಮೇಲ್ ಸಾಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಏನು ಬರೀಬೇಕು ಹೇಳು" ಅಂದರು.

ನನಗೆ ಇಷ್ಟು ಹಠ ಬಂದದ್ದು ಮಗನಿಂದ ಅಲ್ಲ, ನಮ್ಮ ಅತ್ತೆಯಿಂದ. ನಾನು ದಾವಣಗೆರೆಯವಳು, ನಲ್ಲಿ ಮುಂದೆ ಬಿಂದಿಗೆ ಸಾಲಿಟ್ಟು ಬೆಳೆದವಳು. ಈಜು ಎಲ್ಲಿಂದ ಬರಬೇಕು? ಅತ್ತೆ ತೀರ್ಥಹಳ್ಳಿ ಕಡೆಯವರು, ಮನೆ ಹಿಂದೆಯೇ ತುಂಗೆ. ಹೋದ ಅಕ್ಟೋಬರ್‌ನಲ್ಲಿ ಬಂದವರು ದಿನವಿಡೀ ಕಿಟಕಿ ಪಕ್ಕ ಕೂತಿರುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಒಂದು ಭಾನುವಾರ ಇಪ್ಪತ್ತೈದು ನಿಮಿಷ ದೂರದ ಪೂಲ್‌ಗೆ ಕರೆದುಕೊಂಡು ಹೋದೆವು. ಸೀರೆಯಲ್ಲಿ ಇಳಿಯುವ ಹಾಗಿಲ್ಲ ಅಂದರು. ಅತ್ತೆ ಬೆಂಚಿನ ಮೇಲೆ ಕೂತು ನೋಡಿದರು. ಮುಂದಿನ ಭಾನುವಾರ ಅವರೇ ನನ್ನ ಕಪ್ಪು ಲೆಗ್ಗಿಂಗ್ಸ್ ಕೇಳಿದರು, ಮಗನ ತೋಳುದ್ದದ ಈಜು ಟೀ ಶರ್ಟಿನಂಥದ್ದೇ ದೊಡ್ಡ ಸೈಜಿನದೊಂದು ಕೊಡಿಸು ಅಂದರು.

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಸೊಂಟಮಟ್ಟ ನೀರು ಬಂದಾಗ ನಿಂತು, ಬೊಗಸೆಯಲ್ಲಿ ನೀರು ತೆಗೆದುಕೊಂಡು ತಲೆಗೆ ಹಾಕಿಕೊಂಡರು, ಹೊಳೆಯಲ್ಲಿ ಹಾಕಿಕೊಳ್ಳುವ ಹಾಗೆ. ಕ್ಲೋರಿನ್ ನೀರು, ಮೂಗು ಮುರಿದರು. ಆಮೇಲೆ ಮೆಲ್ಲಗೆ ಅಂಗಾತ ಮಲಗಿ ತೇಲಿದರು. ಕೈ ಆಡಿಸಲಿಲ್ಲ, ಕಾಲು ಆಡಿಸಲಿಲ್ಲ. 68 ವರ್ಷದ ಹೆಂಗಸು ನೀರಿನ ಮೇಲೆ ಬಾಳೆಲೆಯ ಹಾಗೆ. ಲೈಫ್‌ಗಾರ್ಡ್ ಹುಡುಗಿ ಗಾಬರಿಯಾಗಿ ಎದ್ದು ಬಂದಳು, ನೋಡಿ ನಕ್ಕು ವಾಪಸ್ ಹೋದಳು. ಮಗಳಂತೂ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಚಿಕ್ಕವರಿದ್ದಾಗ ಬಾಳೆದಿಂಡು ಕಟ್ಟಿಕೊಂಡು ಕಲಿತದ್ದಂತೆ. "ಹೊಟ್ಟೆ ಮೇಲೆ ಮಾಡು, ಕುತ್ತಿಗೆ ಬಿಗಿ ಹಿಡೀಬೇಡ, ಆಕಾಶ ನೋಡು" ಅಂತ ಮೊಮ್ಮಗಳಿಗೆ ಹೇಳಿಕೊಟ್ಟರು. ಅಲ್ಲಿ ಆಕಾಶ ಎಲ್ಲಿ, ತಗಡಿನ ಸೂರು! ಅಷ್ಟು ದಿನ ಕ್ಲಾಸಿಗೆ ಹೋಗಿಯೂ ತೇಲದವಳು ಮೂರನೇ ಭಾನುವಾರ ತೇಲಿದಳು. ಅದೂ ಪೂರ್ತಿ ಕನ್ನಡದಲ್ಲಿ ಕಲಿತು. ಮನೆಯಲ್ಲಿ ಕನ್ನಡ ಮಾತಾಡು ಅಂತ ನಾನು ಬೈದದ್ದಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು.

ಆದರೆ ಅತ್ತೆ ಆ ಆರು ತಿಂಗಳಲ್ಲಿ ನೀರಿಗೆ ಇಳಿದದ್ದು ಎಣಿಸಿ ಹನ್ನೊಂದು ಸಲ. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಬಸ್ಸು ಎರಡು ಬದಲಾಯಿಸಬೇಕು. ನಡೆದು ಹೋಗುವ ದೂರದಲ್ಲಿ ಒಂದು ಪೂಲ್ ಇದ್ದಿದ್ದರೆ? ನಮ್ಮ ನಿಮ್ಮ ಮನೆಗೆ ಬರುವ ಅಪ್ಪ ಅಮ್ಮಂದಿರ ಮೊಣಕಾಲಿಗೂ ಮನಸ್ಸಿಗೂ ಬೆಚ್ಚಗಿನ ನೀರಿಗಿಂತ ಬೇರೆ ಔಷಧಿ ಬೇಕಾ? ಗಂಡಸರ ಮುಂದೆ ಇಳಿಯಲು ನಾಚಿಕೆ ಅನ್ನುವವರಿಗೆ ಸಿಡ್ನಿಯ ಆಬರ್ನ್‌ನ ಪೂಲ್‌ನಲ್ಲಿ ಪರದೆ ಎಳೆದು ಹೆಂಗಸರಿಗೆ ಬೇರೆ ಸಮಯ ಇಡುತ್ತಾರೆ. ಕೇಳಿದವರು ಇದ್ದದ್ದಕ್ಕೆ ಇಟ್ಟರು.

ಈಗ ಕೆಲಸದ ಮಾತು. ಕೌನ್ಸಿಲ್ ತನ್ನ ಮುಂದಿನ ವರ್ಷದ ಯೋಜನೆಯ ಕರಡನ್ನು ಕನಿಷ್ಠ 28 ದಿನ ಜನರ ಮುಂದೆ ಇಡಲೇಬೇಕು, ಕಾನೂನು ಹಾಗಿದೆ. ಜೂನ್ ಮುಗಿಯುವ ಮೊದಲು ಅದಕ್ಕೆ ಒಪ್ಪಿಗೆ ಆಗಬೇಕು. ಹಾಗಾಗಿ ನಮ್ಮ ಕೈಯಲ್ಲಿರುವುದು ಈ ನಾಲ್ಕು ವಾರ. ಹೋದ ವರ್ಷ ನನಗೆ ಗೊತ್ತಿದ್ದಂತೆ ನಮ್ಮವರಲ್ಲಿ ಬರೆದದ್ದು ನಾನು, ನಮ್ಮನೆಯವರು, ಇನ್ನಿಬ್ಬರು. ರಾಜ್ಯೋತ್ಸವದ ಊಟಕ್ಕೆ ಹಾಲ್ ತುಂಬಿ ಹೊರಗೆ ಕುರ್ಚಿ ಹಾಕಿಸಿದವರು ನಾವು!

ಒಂದೇ ಅರ್ಜಿಗೆ 500 ಸಹಿ ಹಾಕಿಸೋಣ ಅಂತ ಹೊರಡಬೇಡಿ. ಎಷ್ಟೋ ಕಡೆ ಅದು ಒಂದೇ ಅರ್ಜಿ ಅಂತ ಲೆಕ್ಕ. ಪ್ರತಿ ಮನೆಯಿಂದ ಬೇರೆ ಬೇರೆ ಕಾಗದ ಹೋಗಲಿ. ಎಐ ಬರೆದುಕೊಟ್ಟದ್ದನ್ನು ಎಲ್ಲರೂ ಕಾಪಿ ಮಾಡಿ ಕಳಿಸಿದರೂ ಅದೇ ಗತಿ. ನಿಮ್ಮ ಮಗು ಎಷ್ಟು ವಯಸ್ಸಿನದು, ಪೂಲ್‌ಗೆ ಎಷ್ಟು ದೂರ ಹೋಗುತ್ತೀರಿ, ವರ್ಷಕ್ಕೆ ಎಷ್ಟು ಖರ್ಚು, ಇಷ್ಟು ಬರೆದರೆ ಸಾಕು. ಇಂಗ್ಲಿಷ್ ತಪ್ಪಾದರೆ ಪರವಾಗಿಲ್ಲ. ಪಿಆರ್ (ಕಾಯಂ ವಾಸದ ವೀಸಾ) ಆಗಿಲ್ಲ, ಓಟಿಲ್ಲ ಅಂತ ಹಿಂಜರಿಯಬೇಡಿ, ಇಲ್ಲಿ ವಾಸ ಇರುವ ಯಾರು ಬೇಕಾದರೂ ಬರೆಯಬಹುದು. ರೇಟ್ಸ್ ಏರುತ್ತದೆ ಅಂತ ಪೂಲ್ ಬೇಡ ಅನ್ನುವವರು ಇದ್ದರೆ ಅದನ್ನೂ ಬರೆಯಿರಿ, ಬೇಜಾರಿಲ್ಲ.

ಶನಿವಾರ ಬೆಳಿಗ್ಗೆ 10 ಗಂಟೆಗೆ ಲೈಬ್ರರಿ ಪಕ್ಕದ ಪಾರ್ಕಿನಲ್ಲಿ, ನೆರಳಿರುವ ಟೇಬಲ್ ಹತ್ತಿರ ಸೇರೋಣ. ಲ್ಯಾಪ್‌ಟಾಪ್ ಎರಡು ಇವೆ, ಕೂತು ಅಲ್ಲೇ ಬರೆದು ಅಲ್ಲೇ ಕಳಿಸಬಹುದು. ಅತ್ತೆ ಊರಿನಿಂದ ತಮ್ಮ ಕಾಗದ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ತೆಗೆದು ಕಳಿಸಿದ್ದಾರೆ. ಕನ್ನಡದಲ್ಲಿ ಮೂರೇ ಸಾಲು: "ನೀರಿನಲ್ಲಿ ನನ್ನ ಮಂಡಿ ನೋಯಲಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತೇನೆ. ಹತ್ತಿರದಲ್ಲಿ ಒಂದು ಮಾಡಿಸಿ." ಕೆಳಗೆ ಇಂಗ್ಲಿಷ್ ಅನುವಾದ ಬರೆದು ಹಾಗೇ ಕಳಿಸುತ್ತಿದ್ದೇನೆ. ಫ್ಲಾಸ್ಕ್‌ನಲ್ಲಿ ಕಾಫಿ ನಾನು ತರುತ್ತೇನೆ. ಲೋಟ ನೀವು ತನ್ನಿ.