ಹಳೇ ಆರೆಂಜ್ ಫೈಬರ್ ಮ್ಯಾಲ 10ಜಿ ಬರವಲ್ದು, ಏನ್ ಮಾಡ್ಲಿ?

ಬಿಸಿಲೂರ ಹುಡುಗ:
ಕಲಬುರ್ಗಿಯಾಗ ಒಂದ್ ಕಾಲೇಜಿನ ನೆಟ್‌ವರ್ಕ್ ನೋಡ್ಕೋತೀನ್ರಿ. ಆಫೀಸ್ ಬ್ಲಾಕಿಂದ ಲ್ಯಾಬಿಗಿ ಹಳೇ ಆರೆಂಜ್ ಮಲ್ಟಿಮೋಡ್ ಫೈಬರ್ (ಬೆಳಕು ಹಲವು ಹಾದಿಯಾಗ ಹೋಗೋ ಗಾಜಿನ ಎಳಿ) ಅದ, ಅಂದಾಜು 120 ಮೀಟರ್, 1ಜಿ (ಸೆಕೆಂಡಿಗಿ 1 ಗಿಗಾಬಿಟ್) ಚಲೋ ನಡೀತಿತ್ತು. ಈಗ ಹೊಸ ಸ್ವಿಚ್ ಬಂದಾವಂತ ಎರಡೂ ಕಡಿ 10ಜಿ ಎಸ್ಆರ್ ಮಾಡ್ಯೂಲ್ (ಸ್ವಿಚ್ಚಿನಾಗ ಕೂಡಸೋ, ಕಡಿಮಿ ದೂರಕ್ಕ ಬೆಳಕು ಕಳಸೋ ತುಂಡು) ಹಾಕ್ದೆ, ಲಿಂಕ್ ಲೈಟ್ ಒಮ್ಮಿ ಹತ್ತತದ ಒಮ್ಮಿ ಆರತದ, ಹತ್ತಿದ್ರೂ ಎರರ್ ಕೌಂಟರ್ ಓಡ್ಕೋತನೇ ಇರ್ತದ. ಅಂಗಡಿಯವ ಮಲ್ಟಿಮೋಡ್ ಎಲ್ಲಾ ಒಂದೇರಿ, ಆಕ್ವಾ (ತಿಳಿ ನೀಲಿ-ಹಸರ) ಪ್ಯಾಚ್ ಕಾರ್ಡ್, ಅಂದ್ರ ಸ್ವಿಚ್ಚಿಗಿ ಹಚ್ಚೋ ಗಿಡ್ಡ ಕೇಬಲ್, ಹಾಕ್ರಿ ಸಾಕು ಅಂದ, ತಂದ್ ಹಾಕ್ದೆ, ಈಗ ಲೈಟೇ ಹತ್ತವಲ್ದು. ಈ ಓಎಂ1 ಓಎಂ3 ಅಂತಾರಲ್ಲ, ಏನ್ ಫರಕ್ ಅದು?

ಬೀದರ್ ಸ್ಪ್ಲೈಸರ್:
ಅಣ್ಣಾ ಮೊದ್ಲು ಕೇಬಲ್ ಮ್ಯಾಲಿನ ಧೂಳ ಒರಸಿ ಟಾರ್ಚ್ ಹಿಡಿದು ಓದ್ರಿ, 62.5/125 ಅಂತ ಬರ್ದಾರೋ 50/125 ಅಂತೋ. ಓಎಂ ಅಂದ್ರ ಮಲ್ಟಿಮೋಡ್ ಫೈಬರಿನ ದರ್ಜೆ. ಬಣ್ಣ ನಂಬಬ್ಯಾಡ್ರಿ, ಓಎಂ1 ಓಎಂ2 ಎರಡೂ ಆರೆಂಜೇ ಬರ್ತಾವ. ಮೊದಲಿನ ಅಂಕಿ ಒಳಗ ಬೆಳಕು ಹೋಗೋ ಕೋರಿನ ದಪ್ಪ, ಮೈಕ್ರಾನಿನಾಗ. 62.5 ಇದ್ರ ಓಎಂ1, ಅದರಾಗ ಎಸ್ಆರ್ ಬರೇ 33 ಮೀಟರ್. ಓಎಂ2 ಇದ್ರೂ 82ಕ್ಕ ಮುಗೀತು. ಓಎಂ3 300, ಓಎಂ4 400.

ಯಾಕಂದ್ರ ಶರಣಬಸವೇಶ್ವರ ಜಾತ್ರ್ಯಾಗ ನಾಕ್ ಹುಡುಗ್ರನ್ನ ಒಂದೇ ಸಲ ಬಿಡ್ರಿ, ಒಬ್ಬ ನೆಟ್ಟಗ ಬರ್ತಾನ, ಒಬ್ಬ ಆ ಕಡಿ ಈ ಕಡಿ ಅಂಗಡಿ ಮುಟ್ಕೋತ ಬರ್ತಾನ. ಬೆಳಕೂ ಹಂಗ ಹಿಂದಮುಂದಾಗಿ ಮುಟ್ಟತದ, 1ಜಿಯಾಗ ತಡ್ಕೋತದ, 10ಜಿಯಾಗ ಬಿಟ್ ಮ್ಯಾಲ ಬಿಟ್ ಬೀಳ್ತಾವ.

ಮತ್ತ ಆಕ್ವಾ ಕಾರ್ಡಿನ ಕೋರ್ 50. ನಿಮ್ದು 62.5 ಇದ್ರ ಅಲ್ಲಿಂದ ಬಂದ ಬೆಳಕು ಇದರಾಗ ಹಿಡಸಂಗಿಲ್ಲ, ಬಕೆಟ್ ಎತ್ತಿ ಲೋಟಕ್ಕ ಸುರದಂಗ.

ಯಾದಗಿರಿ ಮಂದಿ:
ನನ್ ಕೇಳಿದ್ರ ಎರಡ್ ಬಿಲ್ಡಿಂಗ್ ನಡುವ ಮಲ್ಟಿಮೋಡಿಗಿ ರೊಕ್ಕ ಹಾಕೋದೇ ಬ್ಯಾಡ, ಸಿಂಗಲ್ ಮೋಡ್ (ಬೆಳಕಿಗಿ ಒಂದೇ ಹಾದಿ ಇರೋ ಫೈಬರ್) ಎಳೀರಿ, ಅದರ ಎಲ್ಆರ್ (ದೂರದ) ಮಾಡ್ಯೂಲ್ 10 ಕಿಮೀ ತನ ಹೋಗ್ತದ. ಯಾರರೆ ಹಸರ ಬಣ್ಣದ ಓಎಂ5 ತಲಿಗಿ ಕಟ್ಲಾಕ ಬಂದ್ರ ಒಲ್ಲೆ ಅನ್ರಿ, ಒಂದೇ ಎಳಿಯಾಗ ನಾಕ್ ತರಂಗಾಂತರ ಕಳಸೋರಿಗಿ ಅದು.

ಬಿಸಿಲೂರ ಹುಡುಗ:
ಓದ್ದೆರಿ, 62.5/125. ಪೈಪ್ ಸಿಮೆಂಟ್ ರಸ್ತೆ ಕೆಳಗ ಹೋಗ್ಯದ, ರಜೆ ಬರೋತನ ಅಗೀಲಾಕ ಬಿಡಂಗಿಲ್ಲಂತ.

ಬೀದರ್ ಸ್ಪ್ಲೈಸರ್:
ಹಂಗಾದ್ರ ಎಲ್ಆರ್ಎಂ (ಹಳೇ ಮಲ್ಟಿಮೋಡ್ ಮ್ಯಾಲ 10ಜಿ ಕಳಸೋ) ಮಾಡ್ಯೂಲ್ ನೋಡ್ರಿ, ಓಎಂ1 ಮ್ಯಾಲೂ 220 ಮೀಟರ್ ಹೋಗ್ತದ. ಎರಡೂ ಕಡಿ ಅದೇ ಇರ್ಬೇಕು, ಜೊತಿಗಿ 62.5ರ ಮೋಡ್ ಕಂಡೀಷನಿಂಗ್ (ಬೆಳಕನ್ನ ಕೋರಿನ ನಟ್ಟನಡುವ ಬಿಟ್ಟು ಸ್ವಲ್ಪ ಬಾಜೂಕ ಬಿಡೋ) ಪ್ಯಾಚ್ ಕಾರ್ಡ್. ನಿಮ್ ಸ್ವಿಚ್ ಅದನ್ನ ತಗೋತದೋ ಇಲ್ಲೋ ಖಾತ್ರಿ ಮಾಡ್ಕೊಂಡೇ ತರಸ್ರಿ. ಅಲ್ಲಿತನ ಹಳೇ 1ಜಿ ಮಾಡ್ಯೂಲು, ಹಳೇ ಕಾರ್ಡು ವಾಪಸ್ ಹಾಕಿಡ್ರಿ.